ರಾಕ್‌ಫರ್ಡ್ ಫಾರೆಸ್ಟ್ ಸಿಟಿ, 1871: ಹಳೇ ಪೇಪರ್ ಲೆಕ್ಕಕ್ಕೂ ಲೀಗ್ ಪಟ್ಟಿಗೂ ತಾಳೆ ಆಗ್ತಿಲ್ಲ, ಯಾಕೆ?

ಸ್ಕೋರ್‌ಬುಕ್_ದಾವಣಗೆರೆ:
ನಮಸ್ಕಾರ ಎಲ್ಲರಿಗೂ. ನಾನು ಇಲ್ಲಿ ಹೈಸ್ಕೂಲ್ ಮೈದಾನದ ಟೆನ್ನಿಸ್ ಬಾಲ್ ಟೂರ್ನಿಗಳಿಗೆ ಸ್ಕೋರ್ ಬರೆಯುತ್ತೇನೆ. ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ಹೆನ್ರಿ ಚಾಡ್ವಿಕ್. ಕ್ರಿಕೆಟ್ ವರದಿ ಮಾಡುತ್ತಿದ್ದ ಈ ಪತ್ರಕರ್ತನೇ ಬೇಸ್‌ಬಾಲ್ ಸ್ಕೋರ್ ಪಟ್ಟಿಗೆ ಒಂದು ರೂಪ ಕೊಟ್ಟವನು.

ಈಗ ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನ ಫಾರೆಸ್ಟ್ ಸಿಟಿ ತಂಡದ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತಿದ್ದೇನೆ. 1867ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ಸ್ ತಂಡ ಊರೂರು ಸುತ್ತಿ ಎಲ್ಲರನ್ನೂ ಸೋಲಿಸಿ ಬಂದಾಗ ಅದಕ್ಕೆ ಸೋಲು ತೋರಿಸಿದ್ದು ಇವರೊಬ್ಬರೇ, 29-23. ಅವತ್ತು ಚೆಂಡೆಸೆದ ಆಲ್ ಸ್ಪಾಲ್ಡಿಂಗ್‌ಗೆ ಬರೀ 17 ವರ್ಷ! 1871ರಲ್ಲಿ ಮೊದಲ ವೃತ್ತಿಪರ ಲೀಗ್ ಶುರುವಾದಾಗ ಈ ಸಣ್ಣ ಊರಿನ ತಂಡ ಅದರಲ್ಲೂ ಆಡಿತು, ಆ ಒಂದೇ ವರ್ಷ.

ಆ ವರ್ಷದ ಪೇಪರ್‌ಗಳನ್ನು ಆನ್‌ಲೈನ್‌ನಲ್ಲಿ ಹುಡುಕಿದರೆ ಫಾರೆಸ್ಟ್ ಸಿಟಿ ಒಂದೇ ವಾರದಲ್ಲಿ ಅಲ್ಲೂ ಇಲ್ಲೂ ಆಡಿದ ಹಾಗೆ ಕಾಣುತ್ತದೆ. ಅದೂ ಅಲ್ಲದೆ ವರದಿಯಲ್ಲಿ ಗೆದ್ದ ಆಟಗಳು ಜಾಸ್ತಿ, ಲೀಗ್ ಪಟ್ಟಿಯಲ್ಲಿ ನಾಲ್ಕೇ ಗೆಲುವು, 21 ಸೋಲು. ಯಾವುದನ್ನು ನಂಬಲಿ?

ಕೋಟೆನಾಡು, ಚಿತ್ರದುರ್ಗ:
ಸರ್, ಮೊದಲನೇದು ಸುಲಭ. ಆ ಲೀಗಲ್ಲಿ ಫಾರೆಸ್ಟ್ ಸಿಟಿ ಅಂತ ಎರಡು ತಂಡ ಇದ್ದವು, ರಾಕ್‌ಫರ್ಡ್‌ದು ಒಂದು, ಕ್ಲೀವ್‌ಲ್ಯಾಂಡ್‌ದು ಇನ್ನೊಂದು. ಪೇಪರ್‌ನವರು ಎಷ್ಟೋ ಸಲ ಊರಿನ ಹೆಸರೇ ಹಾಕುವುದಿಲ್ಲ. ಆದ್ದರಿಂದ ತಲೆಬರಹ ನೋಡಬೇಡಿ, ಆಟಗಾರರ ಹೆಸರು ನೋಡಿ. ಆನ್ಸನ್, ಬಾಬ್ ಆ್ಯಡಿ, ಹೇಸ್ಟಿಂಗ್ಸ್ ಇದ್ದರೆ ರಾಕ್‌ಫರ್ಡ್. ವೈಟ್ ಇದ್ದರೆ ಕ್ಲೀವ್‌ಲ್ಯಾಂಡ್. ಸ್ಪಾಲ್ಡಿಂಗ್‌ನ ಹುಡುಕುತ್ತಾ ಕೂರಬೇಡಿ, ಅಷ್ಟೊತ್ತಿಗೆ ಅವನೂ ರಾಸ್ ಬಾರ್ನ್ಸ್ ಕೂಡ ಹ್ಯಾರಿ ರೈಟ್ ಕಟ್ಟಿದ ಬಾಸ್ಟನ್ ತಂಡಕ್ಕೆ ಹೋಗಿಯಾಗಿತ್ತು.

ಹುಡುಕುವಾಗ ಬೇಸ್ ಬಾಲ್ ಅಂತ ಎರಡು ಪದವಾಗಿ ಹಾಕಿ, ಆಗ ಹಾಗೇ ಅಚ್ಚಾಗುತ್ತಿತ್ತು. ಸಣ್ಣ ಅಕ್ಷರದ ಸ್ಕೋರ್ ಪಟ್ಟಿಯನ್ನು ಕಂಪ್ಯೂಟರ್ ತಪ್ಪು ತಪ್ಪಾಗಿ ಓದಿರುತ್ತದೆ. ಹಾಗಾಗಿ ಆಟದ ಮರುದಿನದ ಪುಟವನ್ನೇ ತೆರೆದು ಕಣ್ಣಾರೆ ನೋಡುವುದೇ ವಾಸಿ.

ಹಳೇಪೇಪರ್:
ಗೆಲುವಿನ ಲೆಕ್ಕಕ್ಕೆ ನಾನು ಹೇಳ್ತೀನಿ. ವರದಿಯೂ ಸರಿ, ಪಟ್ಟಿಯೂ ಸರಿ. ಸ್ಕಾಟ್ ಹೇಸ್ಟಿಂಗ್ಸ್ ಆ ವರ್ಷ ಮೊದಲು ನ್ಯೂ ಆರ್ಲಿಯನ್ಸ್‌ನ ತಂಡವೊಂದರಲ್ಲಿ ಆಡಿ ಆಮೇಲೆ ರಾಕ್‌ಫರ್ಡ್‌ಗೆ ಬಂದ. ತಂಡ ಬದಲಿಸಿದವನು 60 ದಿನ ಕಾಯಬೇಕು ಅನ್ನೋ ನಿಯಮ ಇತ್ತು, ಇವರು ಕಾಯದೆ ಇಳಿಸಿದರು. ಅದಕ್ಕೆ ರಾಕ್‌ಫರ್ಡ್ ಮೈದಾನದಲ್ಲಿ ಗೆದ್ದ ನಾಲ್ಕು ಆಟಗಳನ್ನು ಎದುರಾಳಿಗಳಿಗೆ ಬರೆದುಕೊಟ್ಟರು. ನಿಮ್ಮ ಟೂರ್ನಿಯಲ್ಲಿ ಹೊರಗಿನ ಹುಡುಗನ್ನ ಆಡಿಸಿದರೆ ಗೆದ್ದ ಮ್ಯಾಚೂ ಕೈತಪ್ಪುತ್ತಲ್ವಾ, ಅದೇ ಕಥೆ.

ಆಟದ ವರದಿ ಬರೆದವನಿಗೆ ಇದೆಲ್ಲ ಅವತ್ತೇ ಹೇಗೆ ಗೊತ್ತಾಗಬೇಕು? ಹಾಗಾಗಿ ಸುಮ್ನೆ ಬೇಸಿಗೆಯ ಪೇಪರ್‌ಗಳಲ್ಲೇ ನಿಲ್ಲಬೇಡಿ, ನವೆಂಬರ್ ತನಕ ಓದಿ. ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ ಚಾಂಪಿಯನ್ ಆಗಿದ್ದು ಆಗಲೇ, ಈ ತಕರಾರುಗಳೆಲ್ಲ ಅದರ ಸುತ್ತ ಸಿಗುತ್ತವೆ. ನ್ಯೂಯಾರ್ಕ್ ಕ್ಲಿಪ್ಪರ್ ಇಲಿನಾಯ್‌ನ ಡಿಜಿಟಲ್ ಪತ್ರಿಕಾ ಸಂಗ್ರಹದಲ್ಲಿ ಪುಕ್ಕಟೆ ಇದೆ. ಅದು ವಾರಪತ್ರಿಕೆ, ಸಂಚಿಕೆ ತಾರೀಖನ್ನೇ ಆಟದ ತಾರೀಖು ಅಂದುಕೊಳ್ಳಬೇಡಿ.

ಸ್ಕೋರ್‌ಬುಕ್_ದಾವಣಗೆರೆ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮೈದಾನದ ಫಲಿತಾಂಶಕ್ಕೆ ಒಂದು ಕಾಲಂ, ಲೀಗ್ ತೀರ್ಪಿಗೆ ಒಂದು ಕಾಲಂ ಹಾಕಿ ಪಟ್ಟಿ ಮಾಡ್ತೀನಿ. ಆ ಹುಡುಗರು ಆಡಿ ಗೆದ್ದಿದ್ದು ಎಲ್ಲಾದರೂ ಒಂದು ಕಡೆ ಇರಲೇಬೇಕು. ಶಿಕಾಗೋ ಟ್ರಿಬ್ಯೂನ್ ಅಕ್ಟೋಬರ್ ಎರಡನೇ ವಾರದಲ್ಲಿ ಒಂದೆರಡು ದಿನ ಇಲ್ಲವಲ್ಲ, ಅದು ಬೇರೆ ಕಡೆ ಸಿಗುತ್ತಾ?

ಕೋಟೆನಾಡು, ಚಿತ್ರದುರ್ಗ:
ಸಿಗಲ್ಲ ಸರ್, ಅದು ಅಚ್ಚೇ ಆಗಲಿಲ್ಲ. ಅಕ್ಟೋಬರ್ 8ಕ್ಕೆ ಶುರುವಾದ ಶಿಕಾಗೋ ಬೆಂಕಿಯಲ್ಲಿ ಪೇಪರ್ ಕಟ್ಟಡವೇ ಸುಟ್ಟುಹೋಯಿತು. ಅಲ್ಲಿನ ವೈಟ್ ಸ್ಟಾಕಿಂಗ್ಸ್ ತಂಡದ ಮೈದಾನ, ಬಟ್ಟೆ ಎಲ್ಲಾ ಹೋಗಿ ಕೊನೆಯ ಆಟವನ್ನು ಬ್ರೂಕ್ಲಿನ್‌ನಲ್ಲಿ ಸಾಲ ತಂದ ಬಟ್ಟೆಯಲ್ಲಿ ಆಡಿದರು. ಆ ದಿನಗಳಿಗೆ ಕ್ಲಿಪ್ಪರ್ ನೋಡಿ.