ಬಿಳಿ ಎಕ್ಕ: ಪೂಜೆಗೆ ಸಲ್ಲುವ ಗಿಡದಲ್ಲಿ ವಿಷವೇಕೆ?

ಪ್ರಶ್ನೆ:
ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಬಿಳಿ ಎಕ್ಕದ ಗಿಡವೊಂದು ತಾನಾಗಿಯೇ ಹುಟ್ಟಿ ಎದೆಯೆತ್ತರಕ್ಕೆ ಬೆಳೆದಿದೆ. ಗಣಪತಿಯೇ ಬಂದು ನೆಲೆಸಿದನೆಂದು ಮನೆಯ ಹಿರಿಯರಿಗೆ ಸಂತೋಷ. ವಿಷದ ಗಿಡ, ಮಕ್ಕಳಿರುವ ಮನೆಗೆ ಬೇಡ ಎಂದು ನೆರೆಯವರ ಮಾತು. ಎಕ್ಕಕ್ಕೆ ಆಚರಣೆಗಳಲ್ಲಿ ಇಷ್ಟು ಗೌರವ ಏಕೆ, ಅದಕ್ಕೂ ಗಿಡದ ಗುಣಕ್ಕೂ ಸಂಬಂಧವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಎಕ್ಕವನ್ನು ಗಣಪತಿಯ ಗಿಡವೆಂದಷ್ಟೇ ಕಂಡರೆ ಅರ್ಧ ತಿಳಿದಂತೆ. ಅದು ಸೂರ್ಯನ ಗಿಡವೂ ಹೌದು. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಸಲ್ಲುವುದು ಎಕ್ಕದ ಸಮಿತ್ತು, ಅಂದರೆ ಹೋಮಕ್ಕೆ ಹಾಕುವ ಕಡ್ಡಿ. ಮಾಘ ಶುದ್ಧ ಸಪ್ತಮಿಯಾದ ರಥಸಪ್ತಮಿಯ ಬೆಳಗ್ಗೆ ತಲೆಯ ಮೇಲೊಂದು, ಭುಜ, ಮಂಡಿ, ಪಾದಗಳ ಮೇಲೆ ಎರಡೆರಡರಂತೆ ಏಳು ಎಲೆಗಳನ್ನಿಟ್ಟುಕೊಂಡು ಸ್ನಾನ ಮಾಡುವಾಗ ಹೇಳುವ ಶ್ಲೋಕ, ಏಳು ಜನ್ಮಗಳ ಪಾಪ ಕಳೆಯಲೆಂದು ಬೇಡುತ್ತದೆ. ಮೂರನೆಯ ಮದುವೆಗೆ ಮುನ್ನ ವರನಿಗೆ ಎಕ್ಕದ ಗಿಡದೊಂದಿಗೆ ನಡೆಸುತ್ತಿದ್ದ ಅರ್ಕವಿವಾಹದಲ್ಲಿಯೂ ದೋಷವನ್ನು ಹೊರುವುದು ಗಿಡವೇ. ಮನುಷ್ಯನಿಗೆ ಬೇಡವಾದುದನ್ನು ತನ್ನ ಮೇಲೆ ಎಳೆದುಕೊಳ್ಳುವುದೇ ಎಕ್ಕದ ಪಾತ್ರವೆಂದು ನನಗೆ ತೋರುತ್ತದೆ. ಬಿಳಿ ಎಕ್ಕದ ಬೇರಿನಲ್ಲಿ ಮೂಡಿದ ಗಣಪತಿ ಎಂದು ಮಾರುವವರಿದ್ದಾರೆ. ಅವುಗಳಲ್ಲಿ ಉಳಿಯ ಕೆಲಸವೇ ಹೆಚ್ಚಿರುತ್ತದೆ ಎಂಬುದು ನನ್ನ ಅನುಮಾನ.

ಉತ್ತರ 2:
ವಿಷದ ವಿಚಾರವನ್ನು ಮಹಾಭಾರತದ ಆದಿಪರ್ವವೇ ಹೇಳಿಬಿಟ್ಟಿದೆ. ಧೌಮ್ಯರ ಶಿಷ್ಯ ಉಪಮನ್ಯು, ಗುರುವು ಭಿಕ್ಷೆಯ ಅನ್ನ, ಹಸುವಿನ ಹಾಲು, ಕೊನೆಗೆ ಕರುಗಳ ಬಾಯಿಂದ ಉದುರುವ ನೊರೆಯನ್ನೂ ನಿಷೇಧಿಸಿದಾಗ, ಹಸಿವು ತಾಳಲಾರದೆ ಕಾಡಿನಲ್ಲಿ ಎಕ್ಕದ ಎಲೆ ತಿಂದು ಕುರುಡನಾಗಿ ಬಾವಿಗೆ ಬೀಳುತ್ತಾನೆ. ಅಶ್ವಿನೀದೇವತೆಗಳನ್ನು ಸ್ತುತಿಸಿದ ಮೇಲೆ ಕಣ್ಣು ಮರಳುತ್ತದೆ. ಕಥೆಯಲ್ಲಿ ಕಣ್ಣು ಹೋದದ್ದು ಎಲೆ ತಿಂದುದರಿಂದ. ಕಣ್ಣಿನ ವೈದ್ಯರು ಕಾಣುವುದು ಎಕ್ಕದ ಹಾಲು ಸಿಡಿದ ಪ್ರಕರಣಗಳನ್ನು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಊದಿಕೊಂಡು ನೋಟ ಮಸುಕಾಗುತ್ತದೆ, ಹಲವೊಮ್ಮೆ ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಜನ ತಡಮಾಡುತ್ತಾರೆ. ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ಕಣ್ಣು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಹೃದಯದ ಮೇಲೆ ಪರಿಣಾಮ ಬೀರುವ ಗ್ಲೈಕೋಸೈಡುಗಳೆಂಬ ರಾಸಾಯನಿಕಗಳೂ ಆ ಹಾಲಿನಲ್ಲಿರುವುದರಿಂದ ಮನೆಮದ್ದೆಂದು ಯಾರೂ ಸೇವಿಸಬಾರದು.

ಉತ್ತರ 3:
ಹೂವನ್ನೊಮ್ಮೆ ಹತ್ತಿರದಿಂದ ನೋಡಿ. ಮೇಣ ಬಳಿದಂತಿರುವ ಐದು ದಪ್ಪ ಎಸಳುಗಳ ನಡುವೆ ಐದು ಏಣುಗಳ ಕಿರೀಟವೊಂದು ಎದ್ದು ನಿಂತಿರುತ್ತದೆ. ಪರಾಗ ಇಲ್ಲಿ ಪುಡಿಯಾಗಿ ಉದುರುವುದಿಲ್ಲ. ಜೋಡಿ ಗಂಟುಗಳಾಗಿ ಕೂತಿದ್ದು, ಮಕರಂದಕ್ಕೆ ಬಂದ ದೊಡ್ಡ ದುಂಬಿಯ ಕಾಲಿಗೆ ಸಿಕ್ಕಿಕೊಂಡು ಇನ್ನೊಂದು ಹೂವಿಗೆ ಸಾಗುತ್ತದೆ. ದನಗಳು ಮೂಸಿ ಬಿಟ್ಟುಹೋಗುವ ಎಲೆಯನ್ನು ಕಿತ್ತಳೆ ಬಣ್ಣದ ಹುಲಿ ಚಿಟ್ಟೆಯ ಮರಿಹುಳು ಮೇಯುತ್ತದೆ, ಆ ವಿಷವನ್ನು ಮೈಯಲ್ಲಿ ಕೂಡಿಟ್ಟು ಹಕ್ಕಿಗಳಿಂದ ಪಾರಾಗುತ್ತದೆ. ಬರಡು ನೆಲದಲ್ಲಿ, ಸುಡುಬಿಸಿಲಿನಲ್ಲಿ ಹಸಿರಾಗಿ ನಿಲ್ಲುವ ಇಂಥ ಗಿಡಕ್ಕೆ ಸೂರ್ಯನ ಸಂಬಂಧ ಒದಗಿದ್ದು ನನಗಂತೂ ಆಶ್ಚರ್ಯವೆನಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಪೂಜೆಗೆ ಹೂವು ಬಿಡಿಸುವುದು ಹೇಗೆ?

ಉತ್ತರ 2:
ತೊಟ್ಟು ಮುರಿದೊಡನೆ ಹಾಲು ಒಸರುವುದರಿಂದ ಕೈಗವಸು ಹಾಕಿಕೊಂಡು ದೊಡ್ಡವರೇ ಬಿಡಿಸಿ, ಹಾಲು ನಿಲ್ಲುವವರೆಗೆ ನೀರಿನಲ್ಲಿ ಹಾಕಿಟ್ಟು, ಆಮೇಲೆ ಹಾರ ಕಟ್ಟಿರಿ. ಮಕ್ಕಳು ಚಿಕ್ಕವರಾಗಿದ್ದರೆ ಗಿಡದ ಸುತ್ತ ಬೇಲಿ ಹಾಕಿಸುವುದು ಒಳ್ಳೆಯದು.