ಆರ್‌ವಿ ಸಾಗಿಸುವ ಸ್ವತಂತ್ರ ಚಾಲಕನಿಗೆ ಕೊನೆಗೆ ಉಳಿಯುವುದೆಷ್ಟು?

ಪ್ರಶ್ನೆ – ಗೋದಾಮಿನವ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಈ ಕೆಲಸ ಮಾಡಿದವರಿದ್ದರೆ ಅವರ ಅಭಿಪ್ರಾಯ ಬೇಕಾಗಿದೆ. ಇಂಡಿಯಾನಾದ ಎಲ್ಕಾರ್ಟ್ ಕೌಂಟಿಯ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ತಯಾರಾಗುವ ಆರ್‌ವಿಗಳನ್ನು (ಒಳಗೆ ವಾಸಿಸಬಹುದಾದ ಪ್ರವಾಸದ ವಾಹನಗಳನ್ನು), ಅಂದರೆ ಹಿಂದೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರ್ ಮತ್ತು ಪಿಕಪ್‌ನ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸುವ ಫಿಫ್ತ್‌ವೀಲ್‌ಗಳನ್ನು, ಸ್ವಂತ ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಬೇರೆ ಬೇರೆ ರಾಜ್ಯಗಳ ಡೀಲರ್‌ಗಳಿಗೆ ತಲುಪಿಸುವ ಸ್ವತಂತ್ರ ಚಾಲಕನಾಗಬೇಕೆಂದು ಯೋಚಿಸುತ್ತಿದ್ದೇನೆ. ನನ್ನ ಬಳಿ ಗ್ರೀನ್ ಕಾರ್ಡ್ ಇದೆ, ಮಕ್ಕಳು ಕಾಲೇಜು ಸೇರಿದ್ದಾರೆ, ಗೋದಾಮಿನ ಕೆಲಸ ಸಾಕೆನಿಸಿದೆ. ಜಾಹೀರಾತುಗಳಲ್ಲಿ ಮೈಲಿಯೊಂದಕ್ಕೆ ಹೇಳುವ ದರವನ್ನು ವಾರದ ಮೈಲಿಗಳಿಂದ ಗುಣಿಸಿದರೆ ಈಗಿನ ಸಂಬಳಕ್ಕಿಂತ ಹೆಚ್ಚೇ ಆಗುತ್ತದೆ. ಆದರೆ ಆ ಲೆಕ್ಕ ಅಷ್ಟು ಸರಳವಾಗಿರಲಾರದು ಎಂಬ ಅನುಮಾನವೂ ಇದೆ. ಸಾಲ ಮಾಡಿ ಹೊಸ ‘ಒಂದು ಟನ್’ (ಪಿಕಪ್‌ಗಳ ಭಾರಿ ವರ್ಗಕ್ಕೆ ಇಲ್ಲಿ ಕರೆಯುವ ಹೆಸರು) ಡೀಸೆಲ್ ಟ್ರಕ್ ಕೊಳ್ಳುವುದು ಸರಿಯೇ? ವಾಣಿಜ್ಯ ಪರವಾನಗಿ, ಅಂದರೆ ಸಿಡಿಎಲ್, ಬೇಕೇ?

ಉತ್ತರ – ಮೈಲಿಗಲ್ಲು

ನಿಮ್ಮ ಅನುಮಾನ ಸರಿಯಾಗಿದೆ. ಜಾಹೀರಾತಿನ ದರ ಟ್ರೇಲರ್ ಹಿಂದೆ ಇರುವಾಗಿನ ಮೈಲಿಗಳಿಗೆ ಮಾತ್ರ. ಡೀಲರ್ ಅಂಗಳದಲ್ಲಿ ಅದನ್ನು ಕಳಚಿದ ಮೇಲೆ ಎಲ್ಕಾರ್ಟ್‌ಗೆ ಖಾಲಿ ಮರಳುವ ದಾರಿಗೆ, ಚಾಲಕರು ಡೆಡ್‌ಹೆಡ್ ಎನ್ನುವ ಆ ಮೈಲಿಗಳಿಗೆ, ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ. ಆದ್ದರಿಂದ ಯಾವುದೇ ದರ ಕಿವಿಗೆ ಬಿದ್ದರೂ ಮೊದಲು ಅದನ್ನು ಅರ್ಧ ಮಾಡಿ, ಆಮೇಲೆ ಉಳಿದ ಲೆಕ್ಕಕ್ಕೆ ಕೈಹಾಕಿ.

ಕೇವಲ ಲೆಕ್ಕದ ಅನುಕೂಲಕ್ಕೆ, ದರ ಮೈಲಿಗೆ 2 ಡಾಲರ್, ಡೀಲರ್ 1,000 ಮೈಲಿ ದೂರ, ಡೀಸೆಲ್ ಗ್ಯಾಲನ್‌ಗೆ 4 ಡಾಲರ್ ಎಂದಿಟ್ಟುಕೊಳ್ಳೋಣ. ಎಳೆಯುವಾಗ ಗ್ಯಾಲನ್‌ಗೆ 10 ಮೈಲಿ ಸಿಕ್ಕರೆ ಹೋಗುವುದಕ್ಕೆ 400 ಡಾಲರ್, ಖಾಲಿ ಬರುವಾಗ 16 ಮೈಲಿ ಸಿಕ್ಕರೆ ಬರುವುದಕ್ಕೆ 250 ಡಾಲರ್. 2,000 ಡಾಲರ್‌ನಲ್ಲಿ ಉಳಿದದ್ದು 1,350, ಅದೂ 2,000 ಮೈಲಿ ಓಡಿಸಿದ್ದಕ್ಕೆ. ಅಂದರೆ ಮೈಲಿಗೆ 67.5 ಸೆಂಟ್. ಟೈರ್, ಆಯಿಲ್, ಬ್ರೇಕ್, ಟೋಲ್, ಮೋಟೆಲ್, ಊಟ, ವಿಮೆ ಮತ್ತು ಟ್ರಕ್ಕಿನ ಸವಕಳಿ ಎಲ್ಲವೂ ಇದರಲ್ಲೇ ಹೋಗಬೇಕು. (ಸಾಗಿಸುತ್ತಿರುವ ಟ್ರೇಲರ್‌ನೊಳಗೆ ಹಾಸಿಗೆಯಿದ್ದರೂ ಅದು ಮಾರಾಟದ ಸರಕು, ಅಲ್ಲಿ ಮಲಗುವಂತಿಲ್ಲ. ಹೊಸಬರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ.)

ಇಷ್ಟಾದ ಮೇಲೆ ತೆರಿಗೆ. ನೀವು ನೌಕರರಲ್ಲ, ಗುತ್ತಿಗೆದಾರರು. ಕೆಲಸ ಕೊಡುವ ಸಾಗಣೆ ಕಂಪನಿ ನಿಮಗೆ ಕೊಟ್ಟ ಹಣವನ್ನು 1099 ಎಂಬ ನಮೂನೆಯಲ್ಲಿ ತೋರಿಸುತ್ತದೆ, ತೆರಿಗೆಯನ್ನು ಮುರಿದುಕೊಳ್ಳುವುದಿಲ್ಲ. ಆದಾಯ ತೆರಿಗೆಯ ಜೊತೆಗೆ 15.3 ಪ್ರತಿಶತ ಸ್ವಯಂ ಉದ್ಯೋಗ ತೆರಿಗೆಯನ್ನು ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಜನವರಿಯ ಕಂತುಗಳಲ್ಲಿ ನೀವೇ ಕಟ್ಟಬೇಕು. ಸಮಾಧಾನದ ಸಂಗತಿಯೆಂದರೆ ಖಾಲಿ ಮೈಲಿಗಳೂ ಸೇರಿದಂತೆ ವ್ಯವಹಾರದ ಖರ್ಚನ್ನೆಲ್ಲ ಆದಾಯದಲ್ಲಿ ಕಳೆಯಬಹುದು. ಮನೆಯಿಂದ ಹೊರಗೆ ತಂಗಿದ ದಿನಗಳ ಊಟಕ್ಕೆ ಸಾರಿಗೆ ಕೆಲಸಗಾರರಿಗೆಂದೇ ನಿಗದಿಯಾದ ದಿನಭತ್ಯೆಯ ದರವಿದ್ದು, ಅದರಲ್ಲಿ 80 ಪ್ರತಿಶತ ಕಳೆಯಲು ಅವಕಾಶವಿದೆ.

ಹೊಸ ಟ್ರಕ್ಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಬೇಡ. ಸಾಲ ತೀರಿದ ಟ್ರಕ್ ಇರುವವನಿಗೆ ಈ ಕೆಲಸ ಗಿಟ್ಟುತ್ತದೆ. ತಿಂಗಳ ಕಂತು ಇರುವವನು ಕಂತಿಗಾಗಿಯೇ ಓಡಿಸಬೇಕಾಗುತ್ತದೆ, ಓಡಿಸಿದಷ್ಟೂ ಆ ಟ್ರಕ್ಕಿನ ಬೆಲೆ ಇಳಿಯುತ್ತಾ ಹೋಗುತ್ತದೆ.

ಉತ್ತರ – ಲಾಗ್‌ಬುಕ್

ಪರವಾನಗಿಯ ಪ್ರಶ್ನೆಗೆ ಉತ್ತರ ತೂಕದಲ್ಲಿದೆ. ಟ್ರಕ್ ಮತ್ತು ಟ್ರೇಲರ್ ಎರಡಕ್ಕೂ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕಗಳನ್ನು ಕೂಡಿಸಿದಾಗ 26,001 ಪೌಂಡ್ ಅಥವಾ ಹೆಚ್ಚಾಗಿ, ಟ್ರೇಲರ್‌ನದೇ 10,000 ಪೌಂಡ್ ಮೀರಿದರೆ ಕ್ಲಾಸ್ ಎ ಸಿಡಿಎಲ್ ಬೇಕು. ಒಂದು ಹಂತ ಚಿಕ್ಕದಾದ ‘ಮುಕ್ಕಾಲು ಟನ್’ ಪಿಕಪ್ ಇಟ್ಟುಕೊಂಡು ಹಗುರ ಟ್ರೇಲರ್‌ಗಳನ್ನಷ್ಟೇ ಎಳೆಯುವವರು ಸಿಡಿಎಲ್ ಇಲ್ಲದೆಯೂ ನಡೆಸುತ್ತಾರೆ. ನೀವು ಹೇಳಿದ ಒಂದು ಟನ್ ಟ್ರಕ್ಕಿಗೆ ಭಾರಿ ಫಿಫ್ತ್‌ವೀಲ್ ಕಟ್ಟಿದರೆ ಮಿತಿ ದಾಟುವುದು ಬಹುತೇಕ ಖಂಡಿತ. ರಜೆಗೆ ಹೊರಟ ನಿವೃತ್ತ ದಂಪತಿ ಅಂಥದ್ದನ್ನೇ ಮಾಮೂಲಿ ಪರವಾನಗಿಯಲ್ಲಿ ಎಳೆದುಕೊಂಡು ಹೋಗುವುದನ್ನು ಕಂಡು ಅನೇಕರು ತಪ್ಪು ತಿಳಿಯುತ್ತಾರೆ. ಸ್ವಂತ ಬಳಕೆಗೆ ಇರುವ ವಿನಾಯಿತಿ ಬಾಡಿಗೆಗೆ ಸಾಗಿಸುವವರಿಗೆ ಸಿಗುವುದಿಲ್ಲ.

ಸಿಡಿಎಲ್ ಬೇಡದಿದ್ದರೂ, ಈ ಒಟ್ಟು ಗರಿಷ್ಠ ತೂಕ 10,001 ಪೌಂಡ್ ಮುಟ್ಟಿ ನೀವು ಬಾಡಿಗೆಗೆ ರಾಜ್ಯದ ಗಡಿ ದಾಟಿದರೆ ಕೇಂದ್ರ ಸರ್ಕಾರದ ಸಾರಿಗೆ ನಿಯಮಗಳು ಅನ್ವಯಿಸುತ್ತವೆ: 21 ವರ್ಷ ತುಂಬಿರಬೇಕು, ಹೆಚ್ಚೆಂದರೆ ಎರಡು ವರ್ಷ ನಡೆಯುವ ವೈದ್ಯಕೀಯ ಪ್ರಮಾಣಪತ್ರ ಬೇಕು, ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಚಾಲನೆ ಮಾಡಬಹುದು. ಆರ್‌ವಿ ಸಾಗಿಸುವವರಿಗೆ ಈ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಲಾಗ್ ಯಂತ್ರದಿಂದ ವಿನಾಯಿತಿ ಇದೆ, ಆದರೆ ಲಾಗ್ ಬರೆಯುವುದರಿಂದ ಇಲ್ಲ. ಕಾಗದದ ಮೇಲೆ ಬರೆದಿಡಲೇಬೇಕು. ಹಣ ಸಿಗದ ಖಾಲಿ ಮರುಪ್ರಯಾಣವೂ ಆ 11 ಗಂಟೆಯಲ್ಲೇ ಸೇರುತ್ತದೆ ಎಂಬುದನ್ನು ಮೇಲಿನವರ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವಿಮೆಯ ಬಗ್ಗೆಯೂ ಒಂದು ಮಾತು. ನಿಮ್ಮ ಮಾಮೂಲಿ ವಾಹನ ವಿಮೆ ಬಾಡಿಗೆ ಕೆಲಸದಲ್ಲಿ ನೆರವಿಗೆ ಬರುವುದಿಲ್ಲ. ಸರಕು ಹೊತ್ತಾಗಿನ ಹೊಣೆಗಾರಿಕೆಯನ್ನು ಸಾಗಣೆ ಕಂಪನಿಯ ವಿಮೆ ನೋಡಿಕೊಂಡರೂ, ನಿಮ್ಮ ಟ್ರಕ್ಕಿಗಾದ ಹಾನಿ ಮತ್ತು ಟ್ರೇಲರ್‌ಗೆ ಗೀರು ಬಿದ್ದಾಗ ಚಾಲಕ ತೆರಬೇಕಾದ ಮೊದಲ ಪಾಲು ಎಷ್ಟು ಎಂಬುದನ್ನು ಒಪ್ಪಂದದಲ್ಲಿ ಓದಿಕೊಂಡೇ ಸಹಿ ಹಾಕಿ. ಕಾರ್ಖಾನೆಯ ಅಂಗಳ ಬಿಡುವ ಮೊದಲು ನಾಲ್ಕೂ ಬದಿ, ಛಾವಣಿ ಮತ್ತು ಒಳಭಾಗದ ಫೋಟೋ ತೆಗೆದಿಟ್ಟುಕೊಂಡರೆ ಯಾರ ಗೀರು ಎಂಬ ತಕರಾರು ಬೇಗ ಮುಗಿಯುತ್ತದೆ. ಹೊಸ ಟ್ರೇಲರ್‌ನ ಚಕ್ರದ ನಟ್ಟುಗಳು ಮೊದಲ ನೂರು ಮೈಲಿಯೊಳಗೇ ಸಡಿಲಾಗಬಹುದು, ಸರಿಯಾದ ಬಿಗಿತಕ್ಕೆ ತಿರುಗಿಸುವ ಟಾರ್ಕ್ ವ್ರೆಂಚ್ ಜೊತೆಗಿರಲಿ.

ಉತ್ತರ – ಹಳೇ ಚಾಲಕ

ಟ್ರಕ್ ಕೊಳ್ಳದೆಯೇ ಈ ಕಸುಬನ್ನು ಪರೀಕ್ಷಿಸಿ ನೋಡುವ ದಾರಿಯೊಂದಿದೆ. ಸ್ವಂತ ಎಂಜಿನ್ ಇರುವ ಆರ್‌ವಿಗಳಾದ ಮೋಟಾರ್‌ಹೋಮ್‌ಗಳನ್ನೇ ಓಡಿಸಿಕೊಂಡು ಹೋಗಿ ತಲುಪಿಸುವ ಡ್ರೈವ್‌ಅವೇ ಕೆಲಸಕ್ಕೆ ಸ್ವಂತ ವಾಹನ ಬೇಕಿಲ್ಲ. ದೊಡ್ಡ ಬಸ್ಸಿನಂಥವು 26,001 ಪೌಂಡ್ ಮುಟ್ಟಿದರೆ ಮಾತ್ರ ಸಿಡಿಎಲ್ ಬೇಕು. ದರ ಕಡಿಮೆ, ಮರಳುವ ಖರ್ಚು ನಿಮ್ಮದೇ. ಕೆಲವು ಕಂಪನಿಗಳು ಚಾಲಕನ ಸಣ್ಣ ಕಾರನ್ನು ಹಿಂದೆ ಕಟ್ಟಿಕೊಳ್ಳಲು ಬಿಡುತ್ತವೆ, ಉಳಿದವರು ಬಸ್ಸು ವಿಮಾನ ಹುಡುಕುತ್ತಾರೆ. ಇಂಧನ ಯಾರ ಖರ್ಚು ಎಂಬುದು ಒಂದೊಂದು ಕಂಪನಿಯಲ್ಲಿ ಒಂದೊಂದು ರೀತಿ, ಕೇಳಿಕೊಳ್ಳಿ.

ಸಾಲದ ವಿಷಯದಲ್ಲಿ ಮೊದಲ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಕಾರಣ ಬೇರೆ. ಬಡ್ಡಿದರ ಮತ್ತು ಪೆಟ್ರೋಲ್ ಬೆಲೆ ಏರಿದಾಗ ಜನ ಮೊದಲು ಕೈಬಿಡುವ ಖರೀದಿ ಆರ್‌ವಿ. ಅಮೆರಿಕದ ಆರ್‌ವಿ ಕಾರ್ಖಾನೆಗಳು 2021ರಲ್ಲಿ ದಾಖಲೆಯ 6 ಲಕ್ಷ ವಾಹನಗಳನ್ನು ಡೀಲರ್‌ಗಳಿಗೆ ಕಳಿಸಿದ್ದವು. 2023ರಲ್ಲಿ ಆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಎರಡೇ ವರ್ಷದಲ್ಲಿ ಸಾಗಿಸುವ ಸರಕು ಅರ್ಧವಾದರೆ, ಆರು ವರ್ಷದ ಕಂತು ಕಟ್ಟಲು ಕೂತವನ ಪಾಡೇನು? ವರ್ಷದೊಳಗೂ ಏರಿಳಿತವಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಡೀಲರ್‌ಗಳು ದಾಸ್ತಾನು ತುಂಬಿಕೊಳ್ಳುವಾಗ ಕೆಲಸ ಹೇರಳ. ಕ್ರಿಸ್‌ಮಸ್ ಮತ್ತು ಜುಲೈ 4ರ ಸುತ್ತ ಕಾರ್ಖಾನೆಗಳೇ ಮುಚ್ಚಿರುತ್ತವೆ.

ಗಾಳಿಯನ್ನು ಹಗುರವಾಗಿ ಎಣಿಸಬೇಡಿ. ಖಾಲಿ ಟ್ರೇಲರ್ ಎಂದರೆ ಎತ್ತರದ ಹಗುರ ಪೆಟ್ಟಿಗೆ. ವಯೋಮಿಂಗ್‌ನ ಐ-80 ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಇಂಥವು ಮಗುಚುತ್ತವೆ. ಹಗುರ ವಾಹನಗಳಿಗೆ ರಸ್ತೆ ಮುಚ್ಚಿದಾಗ ಕಾಯುವುದೊಂದೇ ದಾರಿ, ಕಾದ ದಿನಕ್ಕೆ ಮೈಲಿಯೂ ಇಲ್ಲ ಹಣವೂ ಇಲ್ಲ.

ಓದುವ ಬೇರೆಯವರಿಗಾಗಿ: ಎಚ್-1ಬಿ ವೀಸಾದಲ್ಲಿರುವವರು ಬಿಡುವಿನ ವೇಳೆಯಲ್ಲೂ ಈ 1099 ಕೆಲಸಕ್ಕೆ ಕೈಹಾಕುವಂತಿಲ್ಲ.

ಗೋದಾಮಿನವ

ಮೂವರಿಗೂ ಧನ್ಯವಾದಗಳು. ಹಿಂದಿರುಗುವಾಗ ಬೇರೆ ಯಾರದಾದರೂ ಸರಕನ್ನು ಹಿಡಿದರೆ ಖಾಲಿ ಮೈಲಿಯ ನಷ್ಟ ತುಂಬಿಕೊಳ್ಳಬಹುದಲ್ಲವೇ?

ಮೈಲಿಗಲ್ಲು

ನೀವಂದುಕೊಂಡಷ್ಟು ಸುಲಭವಲ್ಲ. ನೀವು ಓಡಿಸುವುದು ಕಂಪನಿಯ ಸಾರಿಗೆ ಅನುಮತಿಯ ಅಡಿಯಲ್ಲಿ, ಆದ್ದರಿಂದ ಅವರ ಒಪ್ಪಿಗೆಯಿಲ್ಲದೆ ಹೊರಗಿನ ಸರಕು ಹೊರುವಂತಿಲ್ಲ. ಸ್ವಂತ ಅನುಮತಿ ಪಡೆಯುವುದಾದರೆ ಈ ತೂಕದ ವಾಹನಗಳಿಗೆ ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆ ವಿಮೆ ತೋರಿಸಬೇಕು, ಅದರ ಕಂತು ಹೊಸಬರಿಗೆ ದುಬಾರಿ. ಅದಕ್ಕಿಂತ, ಸೇರುವ ಮೊದಲೇ ಎರಡು ವಿಷಯ ವಿಚಾರಿಸಿ: ಮರಳುವಾಗ ಎಳೆದು ತರಲು ಪಶ್ಚಿಮದ ಆರೆಗಾನ್, ಐಡಾಹೊ ಕಡೆಯ ಕಾರ್ಖಾನೆಗಳ ಸರಕು ಆ ಕಂಪನಿಯ ಕೈಯಲ್ಲಿದೆಯೇ, ಡೀಲರ್‌ನಿಂದ ಡೀಲರ್‌ಗೆ ಹೋಗುವ ಹಳೆಯ ಟ್ರೇಲರ್‌ಗಳ ಕೆಲಸವನ್ನು ಹಿಂದಿರುಗುವ ಚಾಲಕರಿಗೆ ಕೊಡುತ್ತಾರೆಯೇ. ಎರಡಕ್ಕೂ ಇಲ್ಲ ಎನ್ನುವ ಕಂಪನಿಯ ದರ ಎಷ್ಟೇ ಆಕರ್ಷಕವಾಗಿದ್ದರೂ ಅರ್ಧ ಎಂದೇ ಹಿಡಿದು ಲೆಕ್ಕ ಹಾಕಿ.