ಸ್ಕ್ರಿಪ್ಟ್‌ನಿಂದ ಮೇಲ್ ಕಳಿಸೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಚಿಕ್ಕ ಕಂಪ್ಯೂಟರ್) ಇದೆ. ರಾತ್ರಿ ಎರಡಕ್ಕೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ಫೋಟೊಗಳ ಬ್ಯಾಕಪ್ ನಡೆಯುತ್ತದೆ. ತಪ್ಪಿದರೆ ನನಗೊಂದು ಮೇಲ್ ಬರಬೇಕು, ಅಷ್ಟೆ. ಇಷ್ಟಕ್ಕೆ ಪೋಸ್ಟ್‌ಫಿಕ್ಸ್ ಅನ್ನೋ ಪೂರ್ತಿ ಮೇಲ್ ಸರ್ವರ್ ಹಾಕಿ ನೋಡಿಕೊಳ್ಳಬೇಕಾ?

ಉತ್ತರ: ಬೇಡ ಸರ್. ನಾನು ಮನೆಯಿಂದಲೇ ನೇರವಾಗಿ ಕಳಿಸಲು ಹೋಗಿ ಎರಡು ಭಾನುವಾರ ಕಳೆದೆ. ಮನೆಯ ಇಂಟರ್ನೆಟ್‌ನಲ್ಲಿ, ಸರ್ವರ್‌ಗಳ ನಡುವೆ ಮೇಲ್ ಹೋಗುವ 25ನೇ ಪೋರ್ಟ್ ಎಷ್ಟೋ ಕಡೆ ಬಂದ್ ಇರುತ್ತದೆ. ತೆರೆದಿದ್ದರೂ ಮನೆ ಐಪಿಯಿಂದ ಬಂದ ಮೇಲನ್ನು ದೊಡ್ಡ ಸೇವೆಗಳು ನಂಬುವುದು ಕಡಿಮೆ.

ಈಗ ಎಂಎಸ್‌ಎಂಟಿಪಿ ಅನ್ನೋ ಚಿಕ್ಕ ಪ್ರೋಗ್ರಾಂ ಬಳಸುತ್ತಿದ್ದೇನೆ. ಪತ್ರವನ್ನು ಡಬ್ಬಿಗೆ ಹಾಕುವಷ್ಟೇ ಅದರ ಕೆಲಸ. ಮುಂದಿನದನ್ನು ಜಿಮೇಲ್ ನೋಡಿಕೊಳ್ಳುತ್ತದೆ. ಪೋರ್ಟ್ 587, ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮಾಡುವ ಗೂಢಲಿಪಿ) ಆನ್. ನಿಮ್ಮ ಮಾಮೂಲಿ ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ, ಇಂಥ ಪ್ರೋಗ್ರಾಂಗಳಿಗೆ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಅದನ್ನು ಬರೆದಿಟ್ಟ ಫೈಲಿಗೆ ಪರ್ಮಿಷನ್ 600 (ನಿಮ್ಮ ಬಳಕೆದಾರರಿಗೆ ಮಾತ್ರ ಓದಲು, ಬರೆಯಲು ಅವಕಾಶ) ಕೊಡಿ, ಸ್ಕ್ರಿಪ್ಟ್ ಒಳಗಂತೂ ಬರೆಯಬೇಡಿ. ಇದಕ್ಕೇ ಅಂತ ಬೇರೆ ಖಾತೆ ಮಾಡಿದರೆ ಇನ್ನೂ ನೆಮ್ಮದಿ.

ಇನ್ನೊಬ್ಬರು: ಮೇಲಿನದು ಸರಿಯಾಗಿದೆ, ನಾನೂ ಹಾಗೇ ಮಾಡಿದ್ದೆ. ಆದರೆ ಒಂದು ಮಾತು. ಕಳೆದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ನನ್ನ ಪೈನ ಎಸ್‌ಡಿ ಕಾರ್ಡ್ ಹಾಳಾಯಿತು. ಮೇಲ್ ಬರಲಿಲ್ಲ. ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ಮೂರು ವಾರ ಸುಮ್ನೆ ಇದ್ದೆ. ಅಷ್ಟರಲ್ಲಿ ಮಗಳ ಹುಟ್ಟುಹಬ್ಬದ ಫೋಟೊಗಳಿದ್ದ ಫೋನೂ ಹೋಯಿತು. ಸತ್ತ ಯಂತ್ರ ಮೇಲ್ ಹೇಗೆ ಕಳಿಸುತ್ತೆ? ನೆಟ್ ಇಲ್ಲದಿದ್ದರೂ ಅಷ್ಟೇ: ಎಂಎಸ್‌ಎಂಟಿಪಿ ತಾನಾಗಿ ಕ್ಯೂನಲ್ಲಿ ಇಟ್ಟುಕೊಂಡು ಆಮೇಲೆ ಕಳಿಸುವುದಿಲ್ಲ.

ಹಾಗಾಗಿ ಬ್ಯಾಕಪ್ ಮುಗಿದಾಗಲೂ ಮೇಲ್ ಬರುವಂತೆ ಮಾಡಿ, ಸಬ್ಜೆಕ್ಟ್‌ನಲ್ಲೇ ಫೈಲ್‌ಗಳ ಲೆಕ್ಕ ಇರಲಿ. ದಿನಾ ಮೇಲ್ ನೋಡಲು ಬೇಜಾರಾದರೆ ಹೆಲ್ತ್‌ಚೆಕ್ಸ್‌ನಂಥ ಸೇವೆ ಇದೆ. ಸ್ಕ್ರಿಪ್ಟಿನ ಕೊನೆಯಲ್ಲಿ, ಅವರ ವಿಳಾಸಕ್ಕೆ 'ಮುಗಿಯಿತು' ಅನ್ನೋ ಸುಳಿವು (ಪಿಂಗ್) ಕಳಿಸುವ ಒಂದು ಕರ್ಲ್ ಕಮಾಂಡ್ ಸಾಲು ಹಾಕಿ. ಹೊತ್ತಿಗೆ ಸರಿಯಾಗಿ ಪಿಂಗ್ ಬರದಿದ್ದರೆ ಅವರೇ ನಿಮಗೆ ಮೇಲ್ ಕಳಿಸುತ್ತಾರೆ.

ಮತ್ತೊಬ್ಬರು: ಪೈಥಾನ್‌ನಲ್ಲಿ ಬರೆಯುವುದಾದರೆ ಮೇಲ್ ಕಳಿಸುವ ಎಸ್‌ಎಂಟಿಪಿಲಿಬ್ ಲೈಬ್ರರಿ ಜೊತೆಗೇ ಬರುತ್ತದೆ, ಬೇರೇನೂ ಬೇಡ. ಕನ್ನಡದ ಸಬ್ಜೆಕ್ಟ್‌ಗೆ ಬರೀ ಸ್ಟ್ರಿಂಗ್ (ಸಾದಾ ಪಠ್ಯ) ಕೊಟ್ಟರೆ ಆಸ್ಕಿ ಎರರ್ ಬರುತ್ತದೆ, ಆಸ್ಕಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ಈಮೇಲ್‌ಮೆಸೇಜ್ ಕ್ಲಾಸ್ ಬಳಸಿ, ಸೆಂಡ್‌ಮೆಸೇಜ್‌ನಿಂದ ಕಳಿಸಿ. ನನಗೆ ದಿನಾ 'ಬ್ಯಾಕಪ್ ಆಯ್ತು' ಅಂತ ಕನ್ನಡದಲ್ಲೇ ಬರುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಪಿಂಗ್ ಸಾಲು ಇವತ್ತೇ ಹಾಕಿದೆ. ಈಗ ಬೇಕಂತಲೇ ಪೈನ ವೈರ್ ಕಿತ್ತಿಟ್ಟು ನೋಡುತ್ತೇನೆ.